12 ವೋಲ್ಟ್ ಸಿಸ್ಟಂನಲ್ಲಿ ಲಿಥಿಯಂ ಬ್ಯಾಟರಿ ಚಾರ್ಜಿಂಗ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಚಾರ್ಜರ್ ಮೇಲೆ ಲಿಥಿಯಂ ಅಂತಲೇ ಬರೆದಿದೆ. ಬ್ಯಾಟರಿ ಒಳಗೆ ಬಿಎಂಎಸ್ ಕೂಡ ಇದೆ. ಆದರೂ ಚಾರ್ಜ್ ಆಗ್ತಾ ಆಗ್ತಾ ನಿಂತೇ ಹೋಗುತ್ತೆ, ಏನು ಮಾಡಲಿ?" ಈ ಪ್ರಶ್ನೆ ಪದೇ ಪದೇ ಬರುತ್ತಲೇ ಇದೆ. ಕೇಳಿದವರಲ್ಲಿ ಹೆಚ್ಚಿನವರ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ಸೆಟ್ಟಿಂಗ್‌ನಲ್ಲಿ, ಇಲ್ಲವೇ ವೈರಿನಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿಎಂಎಸ್ ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಸೆಲ್‌ಗಳನ್ನು ಕಾಯುವ ಒಳಗಿನ ಸರ್ಕ್ಯೂಟ್. ಅದು ಕೊನೆಯ ಕಾವಲು. ಉಳಿದದ್ದೆಲ್ಲ ಕೈಕೊಟ್ಟಾಗ ಅದು ಬಾಗಿಲು ಹಾಕಬೇಕು, ಅಂದರೆ ಕರೆಂಟ್ ಕಟ್ ಮಾಡಬೇಕು. ಅದು ದಿನಾ ಬಾಗಿಲು ಹಾಕುತ್ತಿದ್ದರೆ ನಿಮ್ಮ ಚಾರ್ಜಿಂಗ್ ಸರಿಯಿಲ್ಲ ಅಂತಲೇ ಅರ್ಥ. ಬಿಎಂಎಸ್‌ಗೆ ಕೆಲಸವೇ ಬರದ ಹಾಗೆ ಚಾರ್ಜ್ ಮಾಡುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಕೆಳಗಿನ ಅಂಕಿಗಳೆಲ್ಲ ನಾಲ್ಕು ಸೆಲ್ ಇರುವ 12.8 ವೋಲ್ಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಸೇರಿದ್ದು. ಇದನ್ನೇ ಎಲ್‌ಎಫ್‌ಪಿ ಅನ್ನುತ್ತಾರೆ. 24 ವೋಲ್ಟ್ ಸಿಸ್ಟಂ ಆದರೆ ವೋಲ್ಟೇಜ್‌ಗಳನ್ನು ಎರಡರಿಂದ ಗುಣಿಸಿಕೊಳ್ಳಿ. ನಿಮ್ಮ ಬ್ಯಾಟರಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಕೈಪಿಡಿಯ ಮಾತೇ ಅಂತಿಮ.

## ಮೊದಲು ಕೈಗೆ ಬೇಕಾದ ಸಾಮಾನು

ಒಂದು ಮಲ್ಟಿಮೀಟರ್ ಬೇಕೇ ಬೇಕು. ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕೊಳ್ಳುವಾಗ ನೋಡಿಕೊಳ್ಳಿ, ಎಷ್ಟೋ ಕ್ಲ್ಯಾಂಪ್ ಮೀಟರ್‌ಗಳು ಎಸಿ ಕರೆಂಟ್ ಮಾತ್ರ ಅಳೆಯುತ್ತವೆ. ಅಂಥದ್ದನ್ನು ಡಿಸಿ ವೈರಿಗೆ ಹಾಕಿದರೆ ಸುಮ್ನೆ ಸೊನ್ನೆ ತೋರಿಸುತ್ತದೆ.

ಹಿಡಿಗೆ ಇನ್ಸುಲೇಷನ್ ಇರುವ ಸ್ಪ್ಯಾನರ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಒತ್ತಲು ಸರಿಯಾದ ಕ್ರಿಂಪಿಂಗ್ ಟೂಲ್, ಕಣ್ಣಿಗೆ ಕನ್ನಡಕ. ಸ್ಪ್ಯಾನರ್‌ಗೆ ಇನ್ಸುಲೇಷನ್ ಇಲ್ಲದಿದ್ದರೆ ಬಾಯಿ ಬಿಟ್ಟು ಉಳಿದ ಭಾಗಕ್ಕೆ ಟೇಪ್ ಸುತ್ತಿ. ಉಂಗುರ, ಬಳೆ, ಕೈಗಡಿಯಾರ, ಸರ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಅದು ನಿಜ. ಆದರೆ ಪ್ಲಸ್ಸಿಗೂ ಮೈನಸ್ಸಿಗೂ ಮಧ್ಯೆ ಉಂಗುರ ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಕೆಂಪಗಾಗುತ್ತದೆ, ಬೆರಳಿನ ಮೇಲೆಯೇ.

## ಹಂತ 1: ಇದು ಯಾವ ಲಿಥಿಯಂ ಅಂತ ಗುರುತಿಸಿ

"ಲಿಥಿಯಂ" ಅನ್ನುವುದು ಮನೆತನದ ಹೆಸರು ಇದ್ದ ಹಾಗೆ. ಒಳಗಿರುವವರ ಗುಣ ಬೇರೆ ಬೇರೆ. 12 ವೋಲ್ಟ್ ಸಿಸ್ಟಂನಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು.

ಎಲ್‌ಎಫ್‌ಪಿ ಸೆಲ್‌ನ ಸಹಜ ವೋಲ್ಟೇಜ್ 3.2, ಗರಿಷ್ಠ 3.65. ನಾಲ್ಕು ಸೇರಿದರೆ 12.8 ಮತ್ತು 14.6. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸುವ ಜಾತಿ) ಸೆಲ್‌ನ ಸಹಜ ವೋಲ್ಟೇಜ್ 3.6 ಅಥವಾ 3.7, ಗರಿಷ್ಠ 4.2. ಇದನ್ನು ಮೂರು ಸೆಲ್ ಸೇರಿಸಿ "12 ವೋಲ್ಟ್" ಅಂತ ಮಾರುತ್ತಾರೆ. ಅದು ತುಂಬಿದಾಗ ಇರುವುದು 12.6 ವೋಲ್ಟ್.

ಈಗ 14.6 ವೋಲ್ಟ್‌ನ ಎಲ್‌ಎಫ್‌ಪಿ ಚಾರ್ಜರ್ ತಂದು ಮೂರು ಸೆಲ್‌ನ ಎನ್‌ಎಂಸಿ ಪ್ಯಾಕ್‌ಗೆ ಹಾಕಿದಿರಿ ಅಂದುಕೊಳ್ಳಿ. ಅದರ ಬಿಎಂಎಸ್ ಕೈಕೊಟ್ಟರೆ ಒಂದೊಂದು ಸೆಲ್‌ಗೂ ಹತ್ತಿರ ಹತ್ತಿರ 4.9 ವೋಲ್ಟ್ ಬೀಳುತ್ತದೆ. ಬೆಂಕಿ ಹತ್ತುವುದಕ್ಕೆ ಇಷ್ಟು ಸಾಕು. ಎರಡು ಚಾರ್ಜರ್‌ಗಳ ಮೇಲೂ "12 ವೋಲ್ಟ್ ಲಿಥಿಯಂ" ಅಂತಲೇ ಬರೆದಿರಬಹುದು, ಪಿನ್ ಕೂಡ ಒಂದೇ ಇರಬಹುದು. ಅದಕ್ಕೇ ಲೇಬಲ್‌ನ ಅಂಕಿ ಓದಿ. 12.8 ಇದ್ದರೆ ಎಲ್‌ಎಫ್‌ಪಿ. 10.8 ಅಥವಾ 11.1 ಇದ್ದರೆ ಮೂರು ಸೆಲ್‌ನ ಎನ್‌ಎಂಸಿ ಜಾತಿ. 14.4 ಅಥವಾ 14.8 ಇದ್ದರೆ ಅದೇ ಜಾತಿಯ ನಾಲ್ಕು ಸೆಲ್. ಲೇಬಲ್ ಅಳಿಸಿಹೋಗಿ ಏನೂ ಗೊತ್ತಾಗದಿದ್ದರೆ ಊಹೆ ಮಾಡಿ ಚಾರ್ಜ್ ಮಾಡಬೇಡಿ.

ಕೈಪಿಡಿಯಿಂದ ನಾಲ್ಕು ವಿಷಯ ಒಂದು ಚೀಟಿಯಲ್ಲಿ ಬರೆದು ಬ್ಯಾಟರಿಗೆ ಅಂಟಿಸಿ: ಚಾರ್ಜಿಂಗ್ ವೋಲ್ಟೇಜ್, ಗರಿಷ್ಠ ಚಾರ್ಜಿಂಗ್ ಕರೆಂಟ್, ಚಾರ್ಜ್ ಮಾಡಬಹುದಾದ ಕನಿಷ್ಠ ತಾಪಮಾನ, ಬಿಎಂಎಸ್ ಕಟ್ ಮಾಡುವ ವೋಲ್ಟೇಜ್. ಆರು ತಿಂಗಳಾದ ಮೇಲೆ ಕೈಪಿಡಿ ಎಲ್ಲಿಟ್ಟಿದ್ದೆ ಅಂತ ಹುಡುಕುವುದು ತಪ್ಪುತ್ತದೆ.

## ಹಂತ 2: ಚಾರ್ಜರ್ ಮುಟ್ಟುವ ಮುಂಚೆ ಬ್ಯಾಟರಿಯನ್ನು ನೋಡಿ

ಮೊದಲು ಕಣ್ಣಿನಿಂದ, ಮೂಗಿನಿಂದ. ಹೊಟ್ಟೆ ಉಬ್ಬಿದೆಯೇ? ಸಿಹಿಸಿಹಿಯಾದ, ನೇಲ್ ಪಾಲಿಷ್ ತೆಗೆಯುವ ದ್ರವದಂಥ ವಾಸನೆ ಇದೆಯೇ? ಮೂಲೆ ಜಜ್ಜಿದೆಯೇ? ಇವುಗಳಲ್ಲಿ ಒಂದು ಇದ್ದರೂ ಚಾರ್ಜ್ ಮಾಡಬೇಡಿ.

ಆಮೇಲೆ ಲೋಡ್ ಎಲ್ಲ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯಿರಿ.

- 13.0ರಿಂದ 13.4: ಆರೋಗ್ಯವಾಗಿದೆ. ಎಷ್ಟು ತುಂಬಿದೆ ಅಂತ ಮಾತ್ರ ಇದರಿಂದ ಹೇಳಲಾಗದು. ಎಲ್‌ಎಫ್‌ಪಿಯ ವೋಲ್ಟೇಜ್ ಮಧ್ಯಭಾಗದಲ್ಲಿ ಚಪ್ಪಟೆಯಾಗಿರುತ್ತದೆ. ಶೇಕಡಾ 40ಕ್ಕೂ 70ಕ್ಕೂ ವ್ಯತ್ಯಾಸ ಬಹಳ ಕಮ್ಮಿ.
- 12.0ರಿಂದ 12.9: ಹೆಚ್ಚುಕಮ್ಮಿ ಖಾಲಿಯ ಕಡೆ. ಎಂದಿನಂತೆ ಚಾರ್ಜ್ ಮಾಡಬಹುದು.
- 10ರಿಂದ 12: ಪೂರ್ತಿ ಬರಿದಾಗಿದೆ. ಕಡಿಮೆ ಕರೆಂಟ್‌ನಲ್ಲಿ ಶುರು ಮಾಡಿ.
- ಸೊನ್ನೆ ಅಥವಾ ಬರೀ ಒಂದೆರಡು ವೋಲ್ಟ್: ಬಿಎಂಎಸ್ ಬಾಗಿಲು ಹಾಕಿದೆ. ಬ್ಯಾಟರಿ ಸತ್ತಿದೆ ಅಂತ ಅಲ್ಲ.

ಕೊನೆಯ ಸ್ಥಿತಿಯಲ್ಲಿ ಜನ ಮಾಡುವ ಎಡವಟ್ಟು ದೊಡ್ಡದು. ಇನ್ನೊಂದು ತುಂಬಿದ ಬ್ಯಾಟರಿ ತಂದು ನೇರವಾಗಿ ತಂತಿ ಸೇರಿಸಿ "ಎಬ್ಬಿಸಲು" ನೋಡುತ್ತಾರೆ. ಆಗ ಕರೆಂಟ್‌ಗೆ ಕಡಿವಾಣವೇ ಇರುವುದಿಲ್ಲ. ಬಿಎಂಎಸ್ ಎಬ್ಬಿಸುವ ಸೌಲಭ್ಯ ಇರುವ ಚಾರ್ಜರ್ ಬಳಸಿ, 100 ಆಂಪಿಯರ್ ಅವರ್ ಸಾಮರ್ಥ್ಯದ ಬ್ಯಾಟರಿಗೆ 5 ಆಂಪಿಯರ್‌ಗಿಂತ ಜಾಸ್ತಿ ಕೊಡದೆ 12 ವೋಲ್ಟ್ ದಾಟುವವರೆಗೆ ಹತ್ತಿರವೇ ಇರಿ. ಬಿಎಂಎಸ್ ಆ್ಯಪ್‌ನಲ್ಲಿ ಯಾವುದಾದರೂ ಸೆಲ್ 2 ವೋಲ್ಟ್‌ಗಿಂತ ಕೆಳಗೆ ತುಂಬಾ ದಿನ ಬಿದ್ದಿತ್ತು ಅಂತ ಗೊತ್ತಾದರೆ ಆ ಬ್ಯಾಟರಿಯ ಆಸೆ ಬಿಡಿ. ಅಷ್ಟು ಬರಿದಾದ ಸೆಲ್‌ನಲ್ಲಿ ಒಳಗಿನ ತಾಮ್ರ ಕರಗಿ, ಚಾರ್ಜ್ ಮಾಡುವಾಗ ಬೇರೆಡೆ ಹೋಗಿ ಕೂರುತ್ತದೆ. ಒಳಗೊಳಗೇ ಶಾರ್ಟ್ ಆಗುವ ದಾರಿ ಅದು.

ಇನ್ನು ತಾಪಮಾನ. ಸೆಲ್ 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಚಾರ್ಜ್ ಮಾಡಲೇಬಾರದು. ಲಿಥಿಯಂ ಒಳಗೆ ಹೋಗಿ ಕೂರುವ ಬದಲು ಮೇಲ್ಮೈಯಲ್ಲೇ ಲೋಹವಾಗಿ ಮೆತ್ತಿಕೊಳ್ಳುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಮೋಸ ಹೋಗುವುದು ಎಲ್ಲಿ ಗೊತ್ತಾ? ಅದೇ ಚಳಿಯಲ್ಲಿ ಬ್ಯಾಟರಿಯಿಂದ ಕರೆಂಟ್ ತೆಗೆದರೆ ಆರಾಮಾಗಿ ಬರುತ್ತದೆ. "ದೀಪ ಉರೀತಿದೆ, ಚಾರ್ಜೂ ಆಗುತ್ತೆ" ಅಂದುಕೊಳ್ಳುತ್ತಾರೆ. ಇನ್ನೊಂದು: ಹೊರಗೆ ಬಿಸಿಲು ಬಂದ ತಕ್ಷಣ ಬ್ಯಾಟರಿ ಬೆಚ್ಚಗಾಗುವುದಿಲ್ಲ. ರಾತ್ರಿಯಿಡೀ ತಣ್ಣಗಾದ ಹತ್ತಾರು ಕಿಲೋ ತೂಕ ಬಿಸಿಯಾಗಲು ಗಂಟೆಗಳೇ ಬೇಕು.

## ಹಂತ 3: ಫ್ಯೂಸ್, ವೈರ್, ಲಗ್

ಎಲ್ಲರೂ ಓಡಿಸಿಕೊಂಡು ಹೋಗುವ ಹಂತ ಇದೇ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು. ನಿಜವಾಗಿಯೂ ಸುಟ್ಟುಕೊಂಡೆ, ಎಡಗೈ ಹೆಬ್ಬೆರಳು.

ಕ್ರಿಂಪಿಂಗ್ ಟೂಲ್ ತರಲು ಸೋಮಾರಿತನವಾಗಿ ಒಂದು ಲಗ್ಗನ್ನು ಇಕ್ಕಳದಲ್ಲೇ ಒತ್ತಿಬಿಟ್ಟಿದ್ದೆ. ಎಳೆದು ನೋಡಿದರೆ ಗಟ್ಟಿಯಾಗಿತ್ತು. 50 ಆಂಪಿಯರ್‌ನಲ್ಲಿ ಚಾರ್ಜ್ ಶುರು ಮಾಡಿದೆ. ಚಾರ್ಜರ್ 14.2 ತೋರಿಸುತ್ತಿತ್ತು, ಬ್ಯಾಟರಿಯ ಮೇಲೆ ಅಳೆದರೆ 13.5. ಬ್ಯಾಟರಿಯೇ ಸರಿಯಿಲ್ಲ, ವಾಪಸ್ ಕೊಡೋಣ ಅಂತ ಬಿಚ್ಚಲು ಹೋದಾಗ ಬೆರಳು ಚುರುಕ್ ಅಂದಿತು. ಲಗ್ ಮೇಲಿನ ಕಪ್ಪು ಹೀಟ್‌ಶ್ರಿಂಕ್ ಕೊಳವೆ ಮೇಣದ ಹಾಗೆ ಹೊಳೆಯುತ್ತಿತ್ತು, ಅದರ ಅಂಚು ಸುರುಳಿಯಾಗಿ ಒಳಗಿನ ತಾಮ್ರ ಕಂದು ಬಣ್ಣಕ್ಕೆ ತಿರುಗಿತ್ತು.

ಲೆಕ್ಕ ಹಾಕಿ ನೋಡಿ. ಒಂದು ಕೆಟ್ಟ ಜೋಡಣೆಯಲ್ಲಿ 10 ಮಿಲಿಓಮ್ ತಡೆ ಇದ್ದರೆ, 50 ಆಂಪಿಯರ್‌ಗೆ ಅರ್ಧ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. 25 ವ್ಯಾಟ್ ಶಾಖ ಹುಟ್ಟುತ್ತದೆ. 25 ವ್ಯಾಟ್ ಅಂದರೆ ಒಂದು ಸಣ್ಣ ಸೋಲ್ಡರಿಂಗ್ ಐರನ್. ಅದನ್ನು ಆನ್ ಮಾಡಿ ಬ್ಯಾಟರಿ ಪಕ್ಕ ಮಲಗಿಸಿಟ್ಟ ಹಾಗೆ, ಅದೂ ನಾಲ್ಕೈದು ಗಂಟೆ. ಮೊಬೈಲ್ ಚಾರ್ಜರ್‌ನ ಕರೆಂಟ್‌ನಲ್ಲಿ ಇದೇ ಜೋಡಣೆ ವರ್ಷಗಟ್ಟಲೆ ಸುಮ್ಮನಿರುತ್ತಿತ್ತು.

ವೈರಿನ ದಪ್ಪವೂ ಇದೇ ಲೆಕ್ಕ. ಚಾರ್ಜರ್ 3 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ದಾರಿ 6 ಮೀಟರ್. 16 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 50 ಆಂಪಿಯರ್‌ಗೆ ಸುಮಾರು 0.3 ವೋಲ್ಟ್ ಹೋಗುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ 0.8ಕ್ಕೂ ಜಾಸ್ತಿ, ವೈರ್ ಕೂಡ ಬಿಸಿ. ಚಾರ್ಜರ್ ಅನ್ನು ಬ್ಯಾಟರಿಯ ಹತ್ತಿರ ಇಡುವುದೇ ಅಗ್ಗದ ಉಪಾಯ.

ಫ್ಯೂಸ್ ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಇರಲಿ. ಚಾರ್ಜರ್ ಪಕ್ಕದಲ್ಲಿ ಹಾಕಿದರೆ ಮಧ್ಯದ ವೈರಿಗೆ ರಕ್ಷಣೆಯೇ ಇಲ್ಲ. ವೈರ್ ತಾಳುವ ಕರೆಂಟ್‌ಗಿಂತ ಫ್ಯೂಸ್ ಕಡಿಮೆ ಇರಬೇಕು, ಚಾರ್ಜಿಂಗ್ ಕರೆಂಟ್‌ಗಿಂತ ಕಾಲು ಭಾಗ ಹೆಚ್ಚಿರಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯಬಲ್ಲದು. ಸಣ್ಣ ಬ್ಲೇಡ್ ಫ್ಯೂಸ್ ಅಷ್ಟನ್ನು ಕತ್ತರಿಸಲಾರದೆ ಒಳಗೇ ಆರ್ಕ್ (ಬಿಡದೆ ಹಾರುವ ಕಿಡಿ) ಹೊಡೆಯುತ್ತ ಉರಿಯಬಹುದು. ಬ್ಯಾಟರಿಯ ಮುಖ್ಯ ಫ್ಯೂಸ್‌ಗೆ ಕ್ಲಾಸ್ ಟಿ ಜಾತಿ ಸೂಕ್ತ, ಅದು 20,000 ಆಂಪಿಯರ್ ಡಿಸಿಯನ್ನೂ ಕತ್ತರಿಸುತ್ತದೆ. ಗೋಡೆಯ ಬೋರ್ಡಿನ ಎಸಿ ಎಂಸಿಬಿ (ಟ್ರಿಪ್ ಆಗುವ ಸ್ವಿಚ್) ತಂದು ಇಲ್ಲಿ ಹಾಕಬೇಡಿ. ಎಸಿ ಕರೆಂಟ್ ಸೆಕೆಂಡಿಗೆ ಎಷ್ಟೋ ಸಲ ಸೊನ್ನೆಗೆ ಬರುವುದರಿಂದ ಅಲ್ಲಿ ಆರ್ಕ್ ತಾನೇ ಆರುತ್ತದೆ. ಡಿಸಿಯಲ್ಲಿ ಆ ಅನುಕೂಲ ಇಲ್ಲ.

## ಹಂತ 4: ಚಾರ್ಜರ್ ಸೆಟ್ಟಿಂಗ್

ಇನ್ನೂ ಏನನ್ನೂ ಜೋಡಿಸಿಲ್ಲ, ನೆನಪಿರಲಿ. ಸೆಟ್ಟಿಂಗ್ ಮುಗಿದ ಮೇಲೆ ಜೋಡಣೆ. ಕೆಲವು ಸೋಲಾರ್ ಕಂಟ್ರೋಲರ್‌ಗಳಿಗೆ ಬ್ಯಾಟರಿಯಿಂದಲೇ ಜೀವ ಬರುತ್ತದೆ. ಅಂಥ ಕಡೆ ಬ್ಯಾಟರಿ ಜೋಡಿಸಿ, ಪ್ಯಾನೆಲ್ ಜೋಡಿಸದೆ ಸೆಟ್ಟಿಂಗ್ ಮಾಡಿ.

100 ಆಂಪಿಯರ್ ಅವರ್ ಎಲ್‌ಎಫ್‌ಪಿಗೆ ನಾನು ಇಡುವುದು ಹೀಗೆ:

1. ಅಬ್ಸಾರ್ಪ್ಷನ್ ವೋಲ್ಟೇಜ್ (ಚಾರ್ಜ್‌ನ ಕೊನೆಯಲ್ಲಿ ಏರಿ ನಿಲ್ಲುವ ಮಟ್ಟ): 14.2.
2. ಕರೆಂಟ್: 20ರಿಂದ 30 ಆಂಪಿಯರ್. ಕೈಪಿಡಿ 50 ಅಂದರೂ ಅವಸರ ಇಲ್ಲದಿದ್ದರೆ ಇಷ್ಟೇ ಸಾಕು.
3. ಅಬ್ಸಾರ್ಪ್ಷನ್ ಸಮಯ: ಅರ್ಧ ಗಂಟೆ, ಅಥವಾ ಕರೆಂಟ್ 5 ಆಂಪಿಯರ್‌ಗೆ ಇಳಿಯುವವರೆಗೆ.
4. ಫ್ಲೋಟ್ (ತುಂಬಿದ ಮೇಲೂ ಚಾರ್ಜರ್ ಹಿಡಿದಿಡುವ ವೋಲ್ಟೇಜ್): 13.5, ಅಥವಾ ಆಫ್.
5. ಈಕ್ವಲೈಸೇಷನ್ (ಬೇಕೆಂದೇ ವೋಲ್ಟೇಜ್ ಏರಿಸಿ ಸೆಲ್‌ಗಳನ್ನು ಸರಿಗಟ್ಟಿಸುವುದು): ಆಫ್. ಸಲ್ಫೇಷನ್ ತೆಗೆಯುವ "ರಿಪೇರ್" ಮೋಡ್ ಕೂಡ ಆಫ್.
6. ತಾಪಮಾನ ಪರಿಹಾರ (ಚಳಿ, ಸೆಕೆಗೆ ತಕ್ಕಂತೆ ವೋಲ್ಟೇಜ್ ಬದಲಿಸುವುದು): ಸೊನ್ನೆ.

ಐದು, ಆರನೆಯದನ್ನು ಮರೆಯುವವರೇ ಜಾಸ್ತಿ. ಇವೆರಡೂ ಲೆಡ್ ಆಸಿಡ್ ಬ್ಯಾಟರಿಯ ಕಾಲದ ಪಳೆಯುಳಿಕೆ. ಈಕ್ವಲೈಸೇಷನ್ 15 ವೋಲ್ಟ್ ದಾಟಿ ಹೋಗಬಹುದು. ತಾಪಮಾನ ಪರಿಹಾರ ಆನ್ ಇದ್ದರೆ ಚಳಿಯಾದಷ್ಟೂ ಚಾರ್ಜರ್ ವೋಲ್ಟೇಜ್ ಏರಿಸುತ್ತ ಹೋಗುತ್ತದೆ. ಮಧ್ಯಾಹ್ನ ಸರಿಯಾಗಿ ಚಾರ್ಜ್ ಆಗುತ್ತಿದ್ದದ್ದು ಬೆಳಗಿನ ಹೊತ್ತು ಮಾತ್ರ ಬಿಎಂಎಸ್ ಕಟ್ ಆಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಗರಿಷ್ಠ 14.6 ಇರುವಾಗ 14.2 ಯಾಕೆ? ಸೆಲ್‌ಗಳು ಎಲ್ಲವೂ ಒಟ್ಟಿಗೆ ತುಂಬುವುದಿಲ್ಲ. ಚಾರ್ಜರ್ 14.4 ಕೊಡುತ್ತಿದೆ ಅನ್ನಿ. ಮೂರು ಸೆಲ್ 3.5ರಲ್ಲಿದ್ದರೆ ಅವುಗಳ ಪಾಲು 10.5. ಉಳಿದ 3.9 ಯಾರಿಗೆ ಹೋಗುತ್ತದೆ? ಮೊದಲೇ ತುಂಬಿ ಕೂತಿರುವ ನಾಲ್ಕನೆಯದಕ್ಕೆ. ಅದು 3.65 ದಾಟಿದ ಸ್ವಲ್ಪದರಲ್ಲೇ ಬಿಎಂಎಸ್ ಬಾಗಿಲು ಹಾಕುತ್ತದೆ. ಚಾರ್ಜರ್ ಕಣ್ಣಿಗೆ ಒಟ್ಟು ವೋಲ್ಟೇಜ್ ಮಾತ್ರ ಕಾಣುವುದು, ಅದರ ಮಟ್ಟಿಗೆ ಎಲ್ಲ ಸರಿಯಾಗಿಯೇ ಇದೆ. "ಅರ್ಧಕ್ಕೇ ನಿಲ್ಲುತ್ತೆ" ಅನ್ನುವ ದೂರಿನ ಒಳಗುಟ್ಟು ಹೆಚ್ಚಾಗಿ ಇದೇ.

ಇದಕ್ಕೆ ಮದ್ದು ಚಾರ್ಜರ್ ಬದಲಿಸುವುದಲ್ಲ. ವೋಲ್ಟೇಜ್ 13.8ಕ್ಕೆ ಇಳಿಸಿ, ಕರೆಂಟ್ 5 ಆಂಪಿಯರ್‌ಗೆ ಇಳಿಸಿ, ಹಗಲು ಹೊತ್ತು ಮನೆಯಲ್ಲಿದ್ದಾಗ ಹಾಗೇ ಬಿಡಿ. ಮೂರು ಸೆಲ್ 3.4ರಲ್ಲಿದ್ದರೂ ನಾಲ್ಕನೆಯದಕ್ಕೆ ಸಿಗುವುದು 3.6, ಬಿಎಂಎಸ್ ಸುಮ್ಮನಿರುತ್ತದೆ. ಅದರ ಬ್ಯಾಲೆನ್ಸರ್ ತುಂಬಿದ ಸೆಲ್‌ನಿಂದ ಹನಿಹನಿಯಾಗಿ ಸೋರಿಸುತ್ತದೆ. ಇದು ಆಂಪಿಯರ್‌ನ ಸಣ್ಣ ಪಾಲಿನಷ್ಟೇ ಆದ್ದರಿಂದ ದಿನಗಳೇ ಹಿಡಿಯಬಹುದು. ದಿನಕ್ಕೆ 0.1 ವೋಲ್ಟ್‌ನಂತೆ ಏರಿಸುತ್ತ 14.2ಕ್ಕೆ ಬನ್ನಿ. ತಾಳ್ಮೆ ಬೇಕು, ಅಷ್ಟೇ.

## ಹಂತ 5: ಜೋಡಿಸುವ ಕ್ರಮ

ಗೋಡೆಯ ಪ್ಲಗ್‌ನಿಂದ ನಡೆಯುವ ಚಾರ್ಜರ್ ಆದರೆ: ಪ್ಲಗ್ ಆಫ್, ಮೊದಲು ಪ್ಲಸ್, ಆಮೇಲೆ ಮೈನಸ್, ಕೊನೆಗೆ ಪ್ಲಗ್ ಆನ್. ಬಿಚ್ಚುವಾಗ ಉಲ್ಟಾ.

ಸೋಲಾರ್ ಆದರೆ: ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬಿಸಿಲಿರುವಾಗ ಬ್ಯಾಟರಿ ತಂತಿ ಕಿತ್ತರೆ ಪ್ಯಾನೆಲ್‌ನ ಕರೆಂಟ್‌ಗೆ ಹೋಗಲು ಜಾಗವೇ ಇರುವುದಿಲ್ಲ. ಕೆಲವು ಕಂಟ್ರೋಲರ್‌ಗಳು ಅಲ್ಲಿಗೇ ಕೊನೆಯುಸಿರೆಳೆಯುತ್ತವೆ, ಜೊತೆಗೆ ಲೋಡ್ ಕಡೆಯ ದೀಪಗಳನ್ನೂ ಕರೆದುಕೊಂಡು ಹೋಗುತ್ತವೆ.

ವಾಹನದ ಆಲ್ಟರ್ನೇಟರ್‌ನಿಂದ ನೇರ ಚಾರ್ಜ್ ಬೇಡ. ಲಿಥಿಯಂ ಬ್ಯಾಟರಿ ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ. ಆಲ್ಟರ್ನೇಟರ್ ಗಂಟೆಗಟ್ಟಲೆ ಪೂರ್ತಿ ಶಕ್ತಿಯಲ್ಲಿ ದುಡಿದು ಬಿಸಿಯಾಗಿ ಸುಟ್ಟುಹೋಗಬಹುದು. ಓಡುತ್ತಿರುವಾಗ ಬಿಎಂಎಸ್ ಕಟ್ ಆದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಆಲ್ಟರ್ನೇಟರ್‌ನ ಡಯೋಡ್‌ಗಳಿಗೂ ವಾಹನದ ಎಲೆಕ್ಟ್ರಾನಿಕ್ಸ್‌ಗೂ ಏಟು ಬೀಳುತ್ತದೆ. ಮಧ್ಯೆ ಕರೆಂಟ್‌ಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಹಾಕಿ. ಅದರ ಆಂಪಿಯರ್ ಆಲ್ಟರ್ನೇಟರ್ ಸಾಮರ್ಥ್ಯದ ಅರ್ಧ ದಾಟದಿರಲಿ.

## ಹಂತ 6: ಮೊದಲ ಚಾರ್ಜ್‌ಗೆ ನೀವೇ ಕಾವಲು

ಮೊದಲ ಸಲ ರಾತ್ರಿ ಹಾಕಿ ಮಲಗಬೇಡಿ. ಬ್ಯಾಟರಿ ಸುತ್ತ ಬಟ್ಟೆ, ಕಾಗದ, ಎಣ್ಣೆ ಇಲ್ಲದಿರಲಿ. ಹೊರಗೆ ಹೋಗುವ ದಾರಿಗೆ ಅಡ್ಡವಾಗಿಯೂ ಇಡಬೇಡಿ.

ಹತ್ತು ನಿಮಿಷಕ್ಕೆ ಚಾರ್ಜರ್‌ನ ಬಾಯಲ್ಲೂ ಬ್ಯಾಟರಿಯ ಟರ್ಮಿನಲ್‌ನಲ್ಲೂ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ 0.3ಕ್ಕಿಂತ ಜಾಸ್ತಿ ಇದ್ದರೆ ನಿಲ್ಲಿಸಿ ಹಂತ 3ಕ್ಕೆ ಹಿಂದಿರುಗಿ. ಅರ್ಧ ಗಂಟೆಗೆ ಒಂದೊಂದು ಲಗ್‌ನ ಹತ್ತಿರ ಬೆರಳಿನ ಹಿಂಭಾಗ ಒಯ್ಯಿರಿ, ಕಾವು ತಟ್ಟದಿದ್ದರೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಮುಟ್ಟಿಕೊಂಡಿರಲು ಆಗದಷ್ಟು ಬಿಸಿ ಇದ್ದರೆ ತಪ್ಪಾಗಿದೆ. ಒಂದು ಲಗ್ ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೂ ತಪ್ಪಾಗಿದೆ.

ಆಮೇಲೆ ವೋಲ್ಟೇಜ್ 13.3, 13.4ರಲ್ಲಿ ಗಂಟೆಗಟ್ಟಲೆ ಅಲುಗದೆ ಕೂರುತ್ತದೆ. ಗಾಬರಿ ಬೇಡ, ಸೆಟ್ಟಿಂಗ್ ಕೆದಕಬೇಡಿ. 20 ಆಂಪಿಯರ್‌ನಲ್ಲಿ ಶೇಕಡಾ 20ರಿಂದ ತುಂಬಲು ನಾಲ್ಕು ಗಂಟೆಗೂ ಮೇಲೆ ಬೇಕು. ಕೊನೆಯಲ್ಲಿ ಮಾತ್ರ 13.6ರಿಂದ 14.2ಕ್ಕೆ ಸರಸರ ಏರುತ್ತದೆ. ಸೆಲ್ ವೋಲ್ಟೇಜ್ ತೋರಿಸುವ ಆ್ಯಪ್ ಇದ್ದರೆ ಈ ಹೊತ್ತಿನಲ್ಲಿ ತೆರೆದಿಡಿ. ಸೆಲ್‌ಗಳ ಏರುಪೇರು ಕಾಣಿಸುವುದು ಇಲ್ಲೇ, ಮಧ್ಯದಲ್ಲಿ ಅಲ್ಲ.

ಚಾರ್ಜ್ ಮುಗಿದು ಕೆಲವು ಗಂಟೆ ಬಿಟ್ಟು ಅಳೆದರೆ 13.4ರ ಆಸುಪಾಸು ಇರುತ್ತದೆ. "14.2 ಕೊಟ್ಟರೂ ನಿಲ್ಲಲಿಲ್ಲ" ಅಂತ ಮತ್ತೆ ಚಾರ್ಜ್‌ಗೆ ಹಾಕಬೇಡಿ. ತುಂಬಿದ ಎಲ್‌ಎಫ್‌ಪಿ ಹಾಗೇ ಇಳಿದು ನಿಲ್ಲುವುದು. ಎಷ್ಟು ಉಳಿದಿದೆ ಅಂತ ದಿನಾ ತಿಳಿಯಬೇಕಾದರೆ ಶಂಟ್ (ಹರಿಯುವ ಕರೆಂಟ್ ಅಳೆಯುವ ಬಿಡಿಭಾಗ) ಇರುವ ಬ್ಯಾಟರಿ ಮಾನಿಟರ್ ಹಾಕಿಸಿ. ವೋಲ್ಟೇಜ್ ನೋಡಿ ಶೇಕಡಾವಾರು ಹೇಳುವ ಅಗ್ಗದ ಡಿಸ್‌ಪ್ಲೇಗಳನ್ನು ನಂಬಬೇಡಿ.

## ಹಂತ 7: ಎರಡು ಬ್ಯಾಟರಿ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಹಾಕುವುದಾದರೆ

ಒಂದೇ ಮಾದರಿ, ಒಂದೇ ಸಾಮರ್ಥ್ಯ, ಹೆಚ್ಚುಕಮ್ಮಿ ಒಂದೇ ವಯಸ್ಸು. ಸೇರಿಸುವ ಮುಂಚೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪೂರ್ತಿ ತುಂಬಿಸಿ. ವೋಲ್ಟೇಜ್ ಎರಡರದ್ದೂ 13.2 ಇದೆ ಅಂತ ನೋಡಿ ಸೇರಿಸಿದರೆ ಸಾಲದು, ಚಪ್ಪಟೆ ವೋಲ್ಟೇಜ್‌ನ ಕಥೆ ಗೊತ್ತಲ್ಲ. ಪ್ಲಸ್ಸನ್ನು ಮೊದಲ ಬ್ಯಾಟರಿಯಿಂದಲೂ ಮೈನಸ್ಸನ್ನು ಕೊನೆಯದರಿಂದಲೂ ತೆಗೆಯಿರಿ. ಎರಡೂ ಒಂದೇ ಬ್ಯಾಟರಿಯಿಂದ ತೆಗೆದರೆ ಅದೊಂದೇ ಹೊರೆ ಹೊರುತ್ತದೆ. ಒಂದೊಂದಕ್ಕೂ ತನ್ನದೇ ಫ್ಯೂಸ್ ಇರಲಿ.

## ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಬ್ಯಾಟರಿಯ ಮೈ 45 ಡಿಗ್ರಿ ದಾಟಿದರೆ, ಹೊಟ್ಟೆ ಉಬ್ಬತೊಡಗಿದರೆ, ಸಿಹಿ ವಾಸನೆ ಬಂದರೆ, ಬ್ಯಾಟರಿಗೆ ಕರೆಂಟ್ ಹರಿಯುತ್ತಲೇ ಇದ್ದು ವೋಲ್ಟೇಜ್ ಇಳಿಯತೊಡಗಿದರೆ ಕರೆಂಟ್ ಮೂಲದಲ್ಲೇ ಆಫ್ ಮಾಡಿ. ಟರ್ಮಿನಲ್ ಬಿಚ್ಚಲು ಕೂರಬೇಡಿ.

ಬಿಎಂಎಸ್ ಕಟ್ ಆದಾಗಲೆಲ್ಲ ರೀಸೆಟ್ ಮಾಡಿ ಮುಂದುವರಿಸುವ ಅಭ್ಯಾಸವೂ ಅಪಾಯವೇ. ಬಿಎಂಎಸ್‌ನ ಸ್ವಿಚ್‌ಗಳೂ ಸವೆಯುತ್ತವೆ. ಕೆಟ್ಟರೆ ಹೆಚ್ಚಾಗಿ ಬಾಗಿಲು ತೆರೆದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತವೆ.

ಹಿಸ್ ಅನ್ನುವ ಸದ್ದು ಅಥವಾ ಬಿಳಿ ಹೊಗೆ ಬಂದರೆ ಬ್ಯಾಟರಿ ಉಳಿಸುವ ಯೋಚನೆ ಬಿಟ್ಟು ಎಲ್ಲರೂ ಹೊರಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಲಿಥಿಯಂ ಬ್ಯಾಟರಿ ಅಂತ ಹೇಳಿ. ಆ ಹೊಗೆಯಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಇರುತ್ತವೆ. ಮೊದಲೆರಡು ಉರಿಯುತ್ತವೆ, ಕೊನೆಯೆರಡು ವಿಷ.

## ತಿಂಗಳುಗಟ್ಟಲೆ ಬಳಸದೆ ಇಡುವಾಗ

ಪೂರ್ತಿ ತುಂಬಿಸಿ ಇಡುವುದು ಲೆಡ್ ಆಸಿಡ್‌ನ ಅಭ್ಯಾಸ. ಇದನ್ನು ಅರ್ಧದಷ್ಟು ತುಂಬಿಸಿ, ತಂಪಾದ ಒಣ ಜಾಗದಲ್ಲಿಡಿ. ಚಾರ್ಜರ್ ತಗುಲಿಸಿಡಬೇಡಿ. ಎರಡೂ ಕಡೆಯ ವೈರ್ ಬಿಚ್ಚಿ, ಟರ್ಮಿನಲ್‌ಗಳಿಗೆ ಮುಚ್ಚಳ ಹಾಕಿ. ಬರೀ ಸ್ವಿಚ್ ಆಫ್ ಮಾಡಿದರೆ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಎಷ್ಟೋ ಇನ್ವರ್ಟರ್ ಮತ್ತು ಮಾನಿಟರ್‌ಗಳು ಆಫ್ ಆಗಿದ್ದಾಗಲೂ ಚೂರುಪಾರು ಕರೆಂಟ್ ಹೀರುತ್ತವೆ. ದಿನಕ್ಕೆ ಅರ್ಧ ಆಂಪಿಯರ್ ಅವರ್ ಹೋದರೂ ಮೂರು ತಿಂಗಳಿಗೆ 45 ಆಂಪಿಯರ್ ಅವರ್. ಅರ್ಧ ತುಂಬಿಟ್ಟ 100ರ ಬ್ಯಾಟರಿ ಅಷ್ಟಕ್ಕೇ ಬರಿದು. ವೈರ್ ಬಿಚ್ಚಿಟ್ಟರೂ ಮೂರು ತಿಂಗಳಿಗೊಮ್ಮೆ ಮಲ್ಟಿಮೀಟರ್ ಇಟ್ಟು ನೋಡಿ. 13 ವೋಲ್ಟ್‌ಗಿಂತ ಕೆಳಗೆ ಬಂದಿದ್ದರೆ ಮತ್ತೆ ಅರ್ಧಕ್ಕೆ ತುಂಬಿಸಿ, ದಿನಾಂಕವನ್ನು ಅದೇ ಚೀಟಿಯಲ್ಲಿ ಬರೆದಿಡಿ.